ಬಾಗಿಲಲ್ಲಿ ನಿಲ್ಲುವವರು: ರಂಗಮಂದಿರದ ಸ್ವಯಂಸೇವೆ ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ಹುಬ್ಬಳ್ಳಿ–ಧಾರವಾಡದ ಸಭಾಭವನಗಳ ಬಾಗಿಲಲ್ಲಿ ಬ್ಯಾಡ್ಜ್ ಹಾಕಿಕೊಂಡು ನಿಲ್ಲಲು ಶುರುಮಾಡಿ ನನಗೆ 14 ವರ್ಷಗಳಾದವು. ಹೊಸದಾಗಿ ಬಂದ ಹುಡುಗ ಹುಡುಗಿಯರು, ಅವರ ತಂದೆತಾಯಿಗಳು, ನಿವೃತ್ತರಾದ ಮೇಲೆ ಕೈಲಾದದ್ದು ಮಾಡೋಣವೆಂದು ಬಂದವರು, ಗದಗ ಮತ್ತು ಹಾವೇರಿಯಿಂದ ಪತ್ರ ಬರೆದವರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. ಕೇಳಿದವರ ಮಾತನ್ನು ಆದಷ್ಟು ಹಾಗೆಯೇ ಇಟ್ಟಿದ್ದೇನೆ.

## ಮೊದಲ ಸಲ ಬರುವವರಿಗೆ

ನನಗೆ ರಾಗ, ತಾಳ ಏನೂ ಗೊತ್ತಿಲ್ಲ. ಬಂದರೆ ನಡೆಯುತ್ತದೆಯೇ?

ಖಂಡಿತ ನಡೆಯುತ್ತದೆ. ಬಾಗಿಲಲ್ಲಿ ನಿಂತವರಿಗೆ ಯಮನ್ ಯಾವುದು, ಭೂಪ ಯಾವುದು ಎಂಬುದಕ್ಕಿಂತ ಕುಡಿಯುವ ನೀರು ಎಲ್ಲಿದೆ, ಶೌಚಾಲಯದ ದೀಪದ ಸ್ವಿಚ್ ಯಾವ ಗೋಡೆಗಿದೆ ಎಂಬುದು ಗೊತ್ತಿರಬೇಕು. ಒಂದನ್ನು ಮಾತ್ರ ಬೇಗ ಕಲಿತುಕೊಳ್ಳಿ. ಗಾಯಕರು ವಿಲಂಬಿತ ಖಯಾಲ್ ಎತ್ತಿಕೊಂಡು ರಾಗವನ್ನು ಒಂದೊಂದೇ ಸ್ವರವಾಗಿ ಬಿಡಿಸುತ್ತಿರುವಾಗ ತಡವಾಗಿ ಬಂದವರನ್ನು ಒಳಗೆ ಬಿಡಬಾರದು. ಒಂದು ಕೃತಿ ಮುಗಿದು ಚಪ್ಪಾಳೆ ಬಿದ್ದಾಗ ಬಿಡಬೇಕು. ನಾಟಕದಲ್ಲಿ ಇದು ತಿರುಗುಮುರುಗು. ದೃಶ್ಯ ಬದಲಾಗುವ ಕತ್ತಲಲ್ಲಿ ಬಿಟ್ಟರೆ ಮೆಟ್ಟಿಲು ಕಾಣದೆ ಮುಗ್ಗರಿಸುತ್ತಾರೆ, ಆದ್ದರಿಂದ ರಂಗದ ಮೇಲೆ ಬೆಳಕು ಬರುವವರೆಗೆ ಕಾಯಿಸಿ. ಉಳಿದದ್ದನ್ನು ಕಿವಿ ತಾನೇ ಕಲಿಯುತ್ತದೆ. ಮೂರು ವರ್ಷ ಬಾಗಿಲು ಕಾಯ್ದ ಒಬ್ಬ ಹುಡುಗ ಈಗ ಭೈರವಿ ಶುರುವಾದ ಕೂಡಲೇ ಚಪ್ಪಲಿ ಸ್ಟ್ಯಾಂಡಿನ ಕಡೆಗೆ ಹೋಗಿ ನಿಲ್ಲುತ್ತಾನೆ, ಕಛೇರಿ ಮುಗಿಯುತ್ತ ಬಂತೆಂದು ಅವನಿಗೆ ಯಾರೂ ಹೇಳಬೇಕಾಗಿಲ್ಲ.

ಯಾರನ್ನು ಕೇಳಬೇಕು? ಅರ್ಜಿ ಏನಾದರೂ ಇದೆಯೇ?

ಬಹುತೇಕ ಕಡೆ ಅರ್ಜಿ ಇರುವುದಿಲ್ಲ. ಆದರೆ ಸಭಾಭವನ ಒಬ್ಬರದು, ಕಾರ್ಯಕ್ರಮ ಇನ್ನೊಬ್ಬರದು ಎಂಬುದು ತಿಳಿದಿರಲಿ. ಧಾರವಾಡದ ಕಲಾಭವನ, ಸೃಜನಾ ರಂಗಮಂದಿರ, ಹುಬ್ಬಳ್ಳಿಯ ಸವಾಯಿ ಗಂಧರ್ವ ಸಭಾಗೃಹದಂಥ ಕಡೆ ಬೇರೆ ಬೇರೆ ಸಂಸ್ಥೆಗಳು ಬಂದು ಕಾರ್ಯಕ್ರಮ ನಡೆಸುತ್ತವೆ. ಅಲ್ಲಿ ಕೇಳಬೇಕಾದದ್ದು ಆಮಂತ್ರಣ ಪತ್ರಿಕೆಯಲ್ಲಿ ಹೆಸರಿರುವ ಸಂಘಟಕರನ್ನು. 1890ರಲ್ಲಿ ಹುಟ್ಟಿದ ಕರ್ನಾಟಕ ವಿದ್ಯಾವರ್ಧಕ ಸಂಘ ತನ್ನ ಸಭಾಭವನದಲ್ಲಿ ತಾನೇ ಕಾರ್ಯಕ್ರಮ ನಡೆಸುತ್ತದೆ. ಅಲ್ಲಿ ನೇರವಾಗಿ ಕಚೇರಿಗೆ ಹೋಗಿ ಮಾತನಾಡಬಹುದು. 2019ರ ಜನವರಿಯಲ್ಲಿ ಧಾರವಾಡದಲ್ಲಿ, 2023ರ ಜನವರಿಯಲ್ಲಿ ಹಾವೇರಿಯಲ್ಲಿ ಆದಂಥ ದೊಡ್ಡ ಸಾಹಿತ್ಯ ಸಮ್ಮೇಳನಗಳಿಗೆ ಹೆಚ್ಚಾಗಿ ಕಾಲೇಜುಗಳ ಮೂಲಕವೇ ಸ್ವಯಂಸೇವಕರನ್ನು ಕರೆಯುತ್ತಾರೆ. ಮೊದಲ ಸಲ ಅಷ್ಟು ದೊಡ್ಡ ಜನಸಂದಣಿಗೆ ಹೋಗಬೇಡಿ. ಇನ್ನೂರು ಜನ ಹಿಡಿಯುವ ಸಣ್ಣ ಕಛೇರಿಯಲ್ಲಿ ಕೆಲಸ ಸರಿಯಾಗಿ ಕಣ್ಣಿಗೆ ಬೀಳುತ್ತದೆ.

ನಿಜವಾಗಿ ಏನು ಕೆಲಸ ಇರುತ್ತದೆ? ಸುಮ್ಮನೆ ನಿಲ್ಲುವುದೇ?

ಸುಮ್ಮನೆ ನಿಂತಂತೆ ಕಾಣುವುದೇ ಈ ಕೆಲಸದ ಹದ. ಕಾರ್ಯಕ್ರಮ ಆರಕ್ಕೆ ಎಂದರೆ ನೀವು ನಾಲ್ಕೂವರೆಗೆ ಬರಬೇಕು. ಜಮಖಾನೆ ಹಾಸುವ ಬೈಠಕ್ ಆದರೆ ಅದರ ಅಂಚುಗಳು ಮಡಚಿಕೊಂಡಿಲ್ಲವೇ ನೋಡಬೇಕು, ವಯಸ್ಸಾದವರು ಎಡವುವುದು ಅಲ್ಲಿಯೇ. ಗೋಡೆಗೆ ಒರಗಿ ಕೂರುವ ಜಾಗವನ್ನು ಮಂಡಿನೋವಿನವರಿಗೆ ಉಳಿಸಬೇಕು. ಎಲ್ಲ ಬಾಗಿಲುಗಳ ಚಿಲಕ ತೆಗೆದಿದೆಯೇ ಎಂದು ಕೈಯಿಂದ ನೂಕಿ ನೋಡಬೇಕು. ಇದು ಕಾಟಾಚಾರಕ್ಕೆ ಮಾಡುವುದಲ್ಲ. ಪುಕ್ಕಟೆ ಬರುವವರನ್ನು ತಡೆಯಲೆಂದು ಪಕ್ಕದ ಬಾಗಿಲಿಗೆ ಬೀಗ ಜಡಿಯುವುದು, ಜನ ಹೆಚ್ಚಾದರೆಂದು ಸಾಲುಗಳ ನಡುವಿನ ದಾರಿಯಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕುವುದು ನಮ್ಮ ಕಡೆ ಹಳೆಯ ರೂಢಿ. ಬೆಂಕಿಯೋ ಶಾರ್ಟ್ ಸರ್ಕೀಟೋ ಆದರೆ ಜನ ಹೊರಗೆ ಹೋಗುವ ದಾರಿಯೇ ಇರುವುದಿಲ್ಲ. ಹೊಸಬರಾದರೂ ಈ ಒಂದು ವಿಷಯದಲ್ಲಿ ದನಿ ಎತ್ತಿ. ತುರ್ತಿಗೆ 112, ಆಂಬುಲೆನ್ಸ್‌ಗೆ 108 ಎಂಬುದನ್ನು ಬಾಯಿಪಾಠ ಮಾಡಿಕೊಂಡಿರಿ.

ಕಾರ್ಯಕ್ರಮ ಮುಗಿದ ಮೇಲಿನ ಅರ್ಧ ಗಂಟೆ ಅತಿ ಮುಖ್ಯ. ಮರೆತುಹೋದ ಕನ್ನಡಕ, ಕೊಡೆ, ಚೀಲಗಳನ್ನು ಹುಡುಕುವುದು, ಆಟೊ ಸಿಗದ ಅಜ್ಜಿಯನ್ನು ಬಸ್ ನಿಲ್ದಾಣದವರೆಗೆ ಬಿಟ್ಟುಬರುವುದು ಆಗ. ಬ್ಯಾಡ್ಜ್ ಕಳಚಿ ಕಲಾವಿದರ ಜೊತೆ ಫೋಟೊ ತೆಗೆಸಿಕೊಳ್ಳಲು ಓಡುವವರು ಈ ಅರ್ಧ ಗಂಟೆಯಲ್ಲಿಯೇ ಕಣ್ಮರೆಯಾಗುತ್ತಾರೆ.

ಕೆಲಸ ಮಾಡಿದರೆ ಕಾರ್ಯಕ್ರಮವನ್ನು ಪುಕ್ಕಟೆ ನೋಡಬಹುದಲ್ಲವೇ?

ಅರ್ಧ ನೋಡಬಹುದು, ಅದೂ ನಿಂತುಕೊಂಡು. ನೋಡುವುದಕ್ಕಾಗಿಯೇ ಬರುವುದಾದರೆ ಟಿಕೆಟ್ ತೆಗೆಸಿಕೊಂಡು ಬನ್ನಿ.

ರಾತ್ರಿ ತಡವಾಗುತ್ತದೆ. ಮಗಳನ್ನು ಕಳಿಸಲು ಮನಸ್ಸು ಒಪ್ಪುವುದಿಲ್ಲ.

ನಿಮ್ಮ ಆತಂಕ ನ್ಯಾಯವಾದದ್ದು. ಕಾರ್ಯಕ್ರಮ ಒಂಬತ್ತಕ್ಕೆ ಮುಗಿಯುತ್ತದೆ ಎಂದು ಅಚ್ಚು ಹಾಕಿಸಿದ್ದರೂ ಹತ್ತೂವರೆ ಆಗುವುದು ಹೊಸದಲ್ಲ. ಕುಂದಗೋಳದ ನಾಡಗೀರ ವಾಡೆಯ ಸಂಗೀತೋತ್ಸವವಂತೂ ಅಹೋರಾತ್ರಿ ನಡೆಯುತ್ತದೆ. ನಾವು ಪಾಲಿಸುವುದು ಇಷ್ಟು: ವಿದ್ಯಾರ್ಥಿನಿಯರನ್ನು ಎಂಟೂವರೆಗೆ ಬಿಟ್ಟುಬಿಡುತ್ತೇವೆ, ಚಿಗರಿ ಬಸ್ಸಿಗೆ ಹೋಗುವವರು ಇಬ್ಬರಿಗಿಂತ ಕಡಿಮೆ ಇರಬಾರದು, ಮನೆ ಮುಟ್ಟಿದ ಮೇಲೆ ಒಂದು ಕರೆ ಬರಬೇಕು. ಸಂಘಟಕರು ಇದಕ್ಕೆ ಒಪ್ಪದಿದ್ದರೆ ಕಳಿಸಬೇಡಿ. ಇನ್ನೊಂದು ಮಾತೂ ಹೇಳಬೇಕು. ಅದೇ ಭವನದ ಶೌಚಾಲಯ ತೊಳೆಯುವ ಹೆಣ್ಣುಮಗಳೂ ರಾತ್ರಿ ಹನ್ನೊಂದಕ್ಕೆ ಒಬ್ಬಳೇ ಮನೆಗೆ ಹೋಗುತ್ತಾಳೆ. ನಿಮ್ಮ ಮಗಳಿಗಾಗಿ ನೀವು ಕೇಳುವ ಏರ್ಪಾಟಿನಲ್ಲಿ ಆಕೆಯನ್ನೂ ಸೇರಿಸಿ ಕೇಳಿ.

## ಜನರ ನಡುವೆ

ಮುಂದಿನ ಸಾಲಿನಲ್ಲಿ ಕುಳಿತುಬಿಟ್ಟವರನ್ನು ಎಬ್ಬಿಸುವುದು ಹೇಗೆ?

ಅವರಿಗೆ ಬೇರೆ ಕುರ್ಚಿ ಹುಡುಕುವವರೆಗೆ 'ಏಳಿ' ಎಂಬ ಮಾತು ಬಾಯಿಯಿಂದ ಬರಬಾರದು. ಕುರ್ಚಿ ಸಿಕ್ಕ ಮೇಲೆ ಹತ್ತಿರ ಹೋಗಿ, ಬಗ್ಗಿ, ಅವರ ಕಿವಿಗೆ ಮಾತ್ರ ಕೇಳುವಂತೆ ಹೇಳಿ: 'ಕಾಕಾ, ಈ ಜಾಗ ಕಾಯ್ದಿರಿಸಿದ್ದು. ನಿಮಗೆ ಅಲ್ಲಿ ಫ್ಯಾನಿನ ಕೆಳಗೆ ಕುರ್ಚಿ ಇಟ್ಟಿದ್ದೇನೆ, ಬನ್ನಿ.' ಚೀಲವನ್ನು ನೀವೇ ಎತ್ತಿಕೊಳ್ಳಿ. ನಾಲ್ಕು ಜನರ ಎದುರು ಎದ್ದುಹೋಗುವುದು ಯಾರಿಗಾದರೂ ಅವಮಾನವೇ. ಹಳ್ಳಿಯಿಂದ ಬಂದು ಪ್ರೀತಿಯಿಂದ ಮುಂದೆ ಕುಳಿತವರಿಗೆ ಅದು ಇನ್ನೂ ಹೆಚ್ಚು ನೋಯುತ್ತದೆ.

ಗಣ್ಯರಿಗೆಂದು ಇಟ್ಟ ಕುರ್ಚಿಗಳು ಕಾರ್ಯಕ್ರಮ ಶುರುವಾಗಿ ಕಾಲು ಗಂಟೆಯಾದರೂ ಖಾಲಿಯಿದ್ದರೆ ಹಿಂದೆ ನಿಂತವರಿಗೆ ಕೊಟ್ಟುಬಿಡಬೇಕು ಎಂಬುದು ನನ್ನ ಅಭಿಪ್ರಾಯ. ಎಷ್ಟೋ ಸಂಘಟಕರಿಗೆ ಇದು ಒಪ್ಪಿಗೆಯಿಲ್ಲ. ಖಾಲಿ ಸೋಫಾಗಳ ಮುಂದೆ ಹಾಡುವುದು ಗಾಯಕರಿಗೆ ಎಷ್ಟು ಕಷ್ಟ ಎಂದು ಅವರನ್ನೇ ಕೇಳಿ ನೋಡಲಿ.

'ನಾನು ಯಾರು ಗೊತ್ತಿದೆಯೇ?' ಎಂದು ಜೋರು ಮಾಡಿದರೆ ಏನು ಹೇಳಬೇಕು?

'ಗೊತ್ತಿಲ್ಲ ಸರ್, ಹೇಳಿ' ಎಂದು ನಿಜವಾಗಿಯೂ ಕೇಳಿ. ದನಿಯಲ್ಲಿ ಕೊಂಕು ಬೇಡ. ಅವರು ಹೇಳಿದ ಹೆಸರು, ಹುದ್ದೆಯನ್ನು ಸಂಘಟಕರಿಗೆ ಮುಟ್ಟಿಸಿ ಅಲ್ಲಿಗೆ ಕೈಬಿಡಿ. ಬಾಗಿಲಲ್ಲಿ ವಾದ ಗೆಲ್ಲುವುದು ನಿಮ್ಮ ಕೆಲಸವಲ್ಲ. ಮೈಮುಟ್ಟಿದರೆ, ಕೈ ಹಿಡಿದೆಳೆದರೆ, ಜಾತಿ ಹೆಸರಿಟ್ಟು ಬೈದರೆ ಮಾತ್ರ ಸಮಾಧಾನದ ಮಾತು ಅಲ್ಲಿಗೆ ಮುಗಿಯಿತು. ಕೂಡಲೇ ಇನ್ನಿಬ್ಬರನ್ನು ಕರೆಯಿರಿ, ಪೊಲೀಸರಿಗೆ ತಿಳಿಸಲು ಹಿಂಜರಿಯಬೇಡಿ. 'ಕಾರ್ಯಕ್ರಮ ಕೆಡುತ್ತದೆ, ಬಿಟ್ಟುಬಿಡಿ' ಎನ್ನುವ ಸಂಘಟಕರ ಬಳಿ ಮತ್ತೆ ಕೆಲಸಕ್ಕೆ ಹೋಗಬೇಡಿ.

ನಾನು ಎಂಜಿನಿಯರಿಂಗ್ ಓದಿದವಳು. ಒಬ್ಬರು ನನ್ನ ಕೈಗೆ ಎಂಜಲು ಲೋಟ ತುರುಕಿ ಮುಂದೆ ಹೋದರು. ಈಗಲೂ ಮನಸ್ಸಿಗೆ ನೋವಿದೆ.

ನೋವಾಗಲೇಬೇಕು. ಆದರೆ ನೋವು ಎಲ್ಲಿ ಚುಚ್ಚುತ್ತಿದೆ ಎಂದು ಸ್ವಲ್ಪ ನಿಂತು ನೋಡಿ. ನನ್ನ ಅನುಭವವನ್ನು ಹೇಳುತ್ತೇನೆ.

ನಾನು ಶಾಲಾ ಶಿಕ್ಷಕಿ. ಬಾಗಿಲಲ್ಲಿ ನಿಲ್ಲತೊಡಗಿದ ಮೊದಲ ವರ್ಷ, ಮಳೆಗಾಲದ ಒಂದು ಸಂಜೆ, ಹಿರಿಯರೊಬ್ಬರು ನೀರು ಸುರಿಯುವ ಕೊಡೆಯನ್ನು ನನ್ನ ತೋಳಿಗೆ ತಗುಲಿಹಾಕಿ, ಮುಖ ಕೂಡ ನೋಡದೆ ಒಳಗೆ ಹೋದರು. ಸೀರೆ ಒದ್ದೆಯಾಯಿತು. ಕೆಲವು ವಾರಗಳ ಮೇಲೆ ಪರಿಚಯದವರ ಮನೆಯ ಸಮಾರಂಭದಲ್ಲಿ ಅವರೇ ಎದುರಾದರು. ಗುರುತು ಹಿಡಿದು ಕೈಮುಗಿದರು: 'ತಪ್ಪು ತಿಳಿಯಬೇಡಿ ಅಕ್ಕೋರೆ, ನೀವು ಶಾಲೆಯವರು ಎಂದು ನನಗೆ ಗೊತ್ತಿರಲಿಲ್ಲ.' ಅವರ ಮಾತಿನಲ್ಲಿ ಕಪಟವಿರಲಿಲ್ಲ. ಆದರೂ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಾನು ಶಾಲೆಯವಳಲ್ಲದೆ ಭವನದ ಕೆಲಸದವಳೇ ಆಗಿದ್ದರೆ ಅವರ ಲೆಕ್ಕದಲ್ಲಿ ತಪ್ಪೇ ಆಗಿರಲಿಲ್ಲ. ಕ್ಷಮೆ ಬಂದದ್ದು ನನ್ನ ನೌಕರಿಗೆ. ಒದ್ದೆಯಾದ ತೋಳಿಗೆ ಬರಲಿಲ್ಲ.

ಈ ಊರು ಇದನ್ನು ಮೊದಲ ಸಲ ಮಾಡಿದ್ದಲ್ಲ. 1913ರಲ್ಲಿ ಧಾರವಾಡದಲ್ಲಿ ಹುಟ್ಟಿದ ಗಂಗೂಬಾಯಿ ಹಾನಗಲ್ಲರು ತಮ್ಮ ಬಾಲ್ಯವನ್ನು ನೆನೆಯುತ್ತ ಹೇಳಿಕೊಂಡಿದ್ದರು. ನೆರೆಮನೆಯ ತೋಟದಲ್ಲಿ ಮಾವಿನಕಾಯಿ ಕಿತ್ತಾಗ, ಕಾಯಿ ಕದ್ದಳೆಂಬುದಕ್ಕಿಂತ ಹಾಡುವವಳ ಮಗಳು ತಮ್ಮ ತೋಟಕ್ಕೆ ಕಾಲಿಟ್ಟಳೆಂಬುದೇ ಆ ಮನೆಯವರಿಗೆ ದೊಡ್ಡದಾಯಿತಂತೆ. ಹೆಸರು ಬಂದ ಮೇಲೆ ಅಂಥವರೇ ಊಟಕ್ಕೆ ಕರೆದರು. ಇಂದು ನಾವು ಆ ಹೆಸರನ್ನು ಹೆಮ್ಮೆಯಿಂದ ಹೇಳುತ್ತೇವೆ. ಹೆಸರು ಬರದೆ ಉಳಿದ ಹೆಣ್ಣುಮಕ್ಕಳ ಪಾಡು ಏನಾಯಿತು ಎಂದು ಕೇಳುವವರು ಕಡಿಮೆ.

ನಿಮ್ಮ ಬ್ಯಾಡ್ಜ್ ರಾತ್ರಿ ಒಂಬತ್ತಕ್ಕೆ ಕಳಚುತ್ತದೆ. ಕಸಬರಿಗೆ ಹಿಡಿದು ಪಕ್ಕದಲ್ಲಿ ನಿಂತಾಕೆಗೆ ಹಾಗೆ ಕಳಚಿಡುವ ಬ್ಯಾಡ್ಜ್ ಇಲ್ಲ. ಮುಂದಿನ ಸಲ ಯಾರಾದರೂ ಲೋಟ ತುರುಕಿದರೆ 'ನಾನು ಎಂಜಿನಿಯರ್' ಎನ್ನಬೇಡಿ. 'ಕಸದ ಬುಟ್ಟಿ ಅಲ್ಲಿದೆ, ಬನ್ನಿ ತೋರಿಸುತ್ತೇನೆ' ಎನ್ನಿ. ಈ ಮಾತನ್ನು ಆಕೆಯೂ ನಾಳೆ ಹೇಳಬಹುದು.

ಕಛೇರಿಯ ನಡುವೆ ಮೊಬೈಲ್ ಹೊಡೆದುಕೊಂಡರೆ?

ಬಳಿಗೆ ಹೋಗಿ ಕೈಸನ್ನೆ ಮಾಡಿ ಸಾಕು. ಹೆಚ್ಚಿನವರಿಗೆ ಬಂದ್ ಮಾಡಲು ಗುಂಡಿ ಸಿಗದೆ ಗಾಬರಿಯಾಗಿರುತ್ತದೆ, ದುರಹಂಕಾರವಲ್ಲ.

## ಜೊತೆಯಲ್ಲಿ ದುಡಿಯುವವರು

ಕಸ ಗುಡಿಸುವವರನ್ನು, ಕಾವಲುಗಾರರನ್ನು ಏನೆಂದು ಕರೆಯಬೇಕು? ನಮ್ಮ ಕಡೆ ಏಕವಚನ ಪ್ರೀತಿಯ ಮಾತಲ್ಲವೇ?

ಹೌದು, ನಮ್ಮ ಸೀಮೆಯಲ್ಲಿ ಏಕವಚನಕ್ಕೆ ಎರಡು ಮುಖ. ಅವ್ವನನ್ನು, ಗೆಳೆಯನನ್ನು, ದೇವರನ್ನು ಕೂಡ ಏಕವಚನದಲ್ಲಿ ಕರೆಯುವವರು ನಾವು. ಅದಕ್ಕಾಗಿಯೇ ಇಲ್ಲಿ ತಿರಸ್ಕಾರ ಕೂಡ ಸಲೀಸಾಗಿ ಪ್ರೀತಿಯ ವೇಷ ಹಾಕುತ್ತದೆ. ನಾನು ಕಂಡುಕೊಂಡ ಪರೀಕ್ಷೆ ಒಂದಿದೆ: ನೀವು 'ಏ, ಬಾ ಇಲ್ಲಿ' ಎಂದು ಕರೆದವರು ನಿಮ್ಮನ್ನೂ ಹಾಗೆಯೇ ಕರೆಯಬಹುದೇ? ಕರೆದರೆ ನಿಮಗೆ ಸಿಟ್ಟು ಬರುವುದಿಲ್ಲವೇ? ಹಾಗಿದ್ದರೆ ಅದು ಪ್ರೀತಿ. ಇಲ್ಲವಾದರೆ ಬಹುವಚನ ಬಳಸಿ. ಇಪ್ಪತ್ತು ವರ್ಷದ ವಿದ್ಯಾರ್ಥಿ ಐವತ್ತೈದರ ಕಾವಲುಗಾರನಿಗೆ 'ಏ ವಾಚ್‌ಮನ್' ಎನ್ನುವುದನ್ನು ಕೇಳಿ ನನಗೆ ಮೈ ಉರಿದಿದೆ. ಅಣ್ಣ, ಅಕ್ಕ, ಕಾಕಾ, ಅವ್ವ ಎಂಬ ಮಾತುಗಳು ನಮ್ಮಲ್ಲಿ ಬೇಕಾದಷ್ಟಿವೆ. ಅದಕ್ಕಿಂತ ಒಳ್ಳೆಯದು ಹೆಸರು ಕೇಳಿಕೊಂಡು 'ಅವರೇ' ಸೇರಿಸುವುದು. ಮೊದಲ ದಿನವೇ ಕೇಳಿ. ಆರು ತಿಂಗಳಾದ ಮೇಲೆ ಹೆಸರು ಕೇಳಲು ನಾಚಿಕೆಯಾಗುತ್ತದೆ, ಆಮೇಲೆ ಯಾವತ್ತೂ ಕೇಳುವುದಿಲ್ಲ.

ಕಾವಲುಗಾರರು ಕುಳಿತರೆ ಅಶಿಸ್ತು ಎನ್ನುತ್ತಾರೆ ಸಂಘಟಕರು. ನಿಜವೇ?

ಅಲ್ಲ. ಎಂಟು ಹತ್ತು ತಾಸು ಕಾಲ ಮೇಲೆ ನಿಂತವರ ಕಾಲುಗಳು ಬಾತುಕೊಂಡು ನರ ಉಬ್ಬುತ್ತವೆ. ಅಂಗಡಿ ಕೆಲಸದವರಿಗೆ ಕುಳಿತುಕೊಳ್ಳಲು ಆಸನ ಇರಲೇಬೇಕೆಂದು ಕೇರಳ 2018ರಲ್ಲಿ, ತಮಿಳುನಾಡು 2021ರಲ್ಲಿ ತಮ್ಮ ಕಾನೂನುಗಳನ್ನು ತಿದ್ದಿಕೊಂಡವು. ಸೀರೆ ಅಂಗಡಿಗಳಲ್ಲಿ ದಿನವಿಡೀ ನಿಲ್ಲುತ್ತಿದ್ದ ಹೆಣ್ಣುಮಕ್ಕಳು ಕೇರಳದಲ್ಲಿ ಅದಕ್ಕಾಗಿ ಹೋರಾಡಿದ್ದರು. ನಮ್ಮ ಭವನಗಳಲ್ಲಿ ಕಾನೂನಿಗೆ ಕಾಯಬೇಕಾಗಿಲ್ಲ. ಸಾವಿರ ಕುರ್ಚಿಯ ಕಟ್ಟಡದಲ್ಲಿ ಒಂದನ್ನು ಬಾಗಿಲ ಬಳಿ ತಂದಿಟ್ಟರೆ ಆಯಿತು.

ಚಹಾ, ಉಪಾಹಾರ ಎಲ್ಲರಿಗೂ ಸಾಲುವುದಿಲ್ಲ. ಏನು ಮಾಡುವುದು?

ಸಾಲದಿರುವುದು ಎಣಿಕೆಯ ತಪ್ಪಿನಿಂದ. ಸಂಘಟಕರು ಪಟ್ಟಿ ಮಾಡುವಾಗ ಕಲಾವಿದರು, ಅತಿಥಿಗಳು, ಸಮಿತಿಯವರು, ಸ್ವಯಂಸೇವಕರು ಎಂದು ಬರೆದು ಗೆರೆ ಎಳೆಯುತ್ತಾರೆ. ಮೈಕ್‌ನವರು, ಬೆಳಕಿನವರು, ಜನರೇಟರ್ ನೋಡಿಕೊಳ್ಳುವವರು, ಕಾರಿನ ಚಾಲಕರು, ಕಾವಲುಗಾರರು, ಸ್ವಚ್ಛತೆಯವರು ಆ ಗೆರೆಯ ಕೆಳಗೆ ಉಳಿಯುತ್ತಾರೆ. ಉಪ್ಪಿಟ್ಟು, ಶಿರಾ ಮಿಕ್ಕರೆ ಕೊನೆಯಲ್ಲಿ ಕರೆದು ಕೊಡುತ್ತಾರೆ. ಮಿಕ್ಕದ್ದನ್ನು ಕೊಡುವುದಕ್ಕೂ ಎಣಿಸಿ ಕೊಡುವುದಕ್ಕೂ ಅಜಗಜಾಂತರ. ಅಡುಗೆಯವರಿಗೆ ಸಂಖ್ಯೆ ಹೇಳುವ ಮೊದಲು ಪಟ್ಟಿ ನಿಮ್ಮ ಕೈಗೆ ಬರಲಿ, ಈ ಹೆಸರುಗಳನ್ನು ನೀವೇ ಸೇರಿಸಿ. ಲೋಟಗಳೂ ಒಂದೇ ಬಗೆಯವು ಇರಲಿ. ಒಂದು ಭವನದಲ್ಲಿ ಅತಿಥಿಗಳಿಗೆ ಪಿಂಗಾಣಿ ಬಟ್ಟಲು, ಗುಡಿಸುವಾಕೆಗೆ ಕಿಟಕಿಯಲ್ಲಿ ಬೇರೆಯೇ ಇಟ್ಟ ಸ್ಟೀಲ್ ಲೋಟ ನೋಡಿದ್ದೇನೆ. ಆ ಲೋಟವನ್ನು ಆಕೆಯೇ ತೊಳೆದು ಮತ್ತೆ ಅಲ್ಲಿಯೇ ಇಡಬೇಕಿತ್ತು. ಅಸ್ಪೃಶ್ಯತೆಯನ್ನು ಸಂವಿಧಾನದ 17ನೇ ವಿಧಿ ನಿಷೇಧಿಸಿದೆ. ಆ ಕಿಟಕಿಗೆ ಅದು ಇನ್ನೂ ತಲುಪಿರಲಿಲ್ಲ. ಮಠಗಳ ದಾಸೋಹದಲ್ಲಿ ಒಂದೇ ಪಂಕ್ತಿಯಲ್ಲಿ ಕುಳಿತು ಉಣ್ಣುವ ಊರಿನವರು ನಾವು. ಅದನ್ನು ಸಭಾಭವನದ ಹಿಂಬಾಗಿಲಿಗೂ ತರುವುದು ಅಸಾಧ್ಯವೇನಲ್ಲ.

ಹೋಗುವಾಗ ಕೈಗೆ ನೂರು ರೂಪಾಯಿ ಕೊಟ್ಟರೆ ತಪ್ಪೇ?

ತಪ್ಪಲ್ಲ, ಕೊಡಿ. ಪಕ್ಕಕ್ಕೆ ಕರೆದು, ಮುಖ ನೋಡಿ, ಕೈಯಲ್ಲಿ ಇಡಿ. ನಾಲ್ಕು ಜನ ನೋಡುವಂತೆ ಕೊಡಬೇಡಿ. ತಡರಾತ್ರಿಯವರೆಗೆ ನಿಲ್ಲಿಸಿಕೊಂಡದ್ದಕ್ಕೆ ಸಂಘಟಕರು ಕೊಡಬೇಕಾದ ಹೆಚ್ಚಿನ ಕೂಲಿಗೆ ಈ ನೂರು ರೂಪಾಯಿ ಬದಲಿಯಾಗಬಾರದು, ಅಷ್ಟೇ.

## ಹಳಬರಿಗೆ ಮತ್ತು ಸಂಘಟಕರಿಗೆ

ಇದೆಲ್ಲ ಕಲೆಯ ಸೇವೆ. ನಾವು ಪುಕ್ಕಟೆ ದುಡಿಯುವಾಗ ಕೆಲಸದವರೂ ಸ್ವಲ್ಪ ಬಿಟ್ಟುಕೊಡಬೇಕಲ್ಲವೇ?

ಬೇಡ. ನೀವು ಬಿಟ್ಟುಕೊಡುತ್ತಿರುವುದು ಒಂದು ಸಂಜೆಯನ್ನು, ಅವರು ಬಿಟ್ಟುಕೊಡಬೇಕಾದದ್ದು ಮನೆಯ ಜೋಳ, ಎಣ್ಣೆಯನ್ನು. ಇಂಥ ಕಡೆ 'ಕಾಯಕವೇ ಕೈಲಾಸ' ಎಂಬ ಮಾತನ್ನು ತರುವವರಿದ್ದಾರೆ. ಶರಣರು ಹೇಳಿದ ಕಾಯಕ ಪುಕ್ಕಟೆ ದುಡಿಮೆಯಲ್ಲ. ದುಡಿದು, ಅದರ ಪ್ರತಿಫಲ ಪಡೆದು, ಅದರಲ್ಲಿ ದಾಸೋಹ ಮಾಡುವುದು ಅವರ ದಾರಿ. ಇನ್ನೊಬ್ಬರ ಕೂಲಿಯನ್ನು ಹಿಡಿದುಕೊಂಡು ಅದನ್ನು ಸೇವೆ ಎಂದು ಕರೆಯಲು ವಚನಗಳಲ್ಲಿ ಆಧಾರವಿಲ್ಲ.

ಸ್ವಯಂಸೇವಕರಾಗಿ ನಾವು ಕಾಯ್ದುಕೊಳ್ಳಬೇಕಾದ ಗಡಿಯೂ ಒಂದಿದೆ. ಸಂಬಳದ ಮೇಲೆ ಒಬ್ಬರು ಮಾಡುತ್ತಿದ್ದ ಕೆಲಸವನ್ನು ನಿಲ್ಲಿಸಿ ಅದನ್ನೇ ನಮಗೆ ಹೇಳಿದರೆ ಒಪ್ಪಬಾರದು. 'ಈ ಸಲ ನಾಲ್ಕು ಹುಡುಗರು ಸಿಕ್ಕಿದ್ದಾರೆ, ಕುರ್ಚಿ ಹಾಕುವವರು ಬೇಡ' ಎಂದು ಸಂಘಟಕರು ಸಂತೋಷದಿಂದ ಹೇಳುತ್ತಾರೆ. ಅಂದು ಕುರ್ಚಿ ಹಾಕುವವನ ಮನೆಗೆ ಕೂಲಿ ಹೋಗಲಿಲ್ಲ ಎಂಬುದು ಆ ಹುಡುಗರಿಗೆ ತಿಳಿಯುವುದೇ ಇಲ್ಲ.

ದೊಡ್ಡ ಕಲಾವಿದರೇ ಕೆಲಸದವರನ್ನು ಗದರಿದರೆ ನಾವು ಏನು ಮಾಡಲು ಸಾಧ್ಯ?

ಇದು ನನಗೆ ಅತ್ಯಂತ ಕಷ್ಟದ ಪ್ರಶ್ನೆ. ಮೈಕ್ ಕೀರಲಿಟ್ಟಾಗ ವೇದಿಕೆಯ ಮೇಲಿಂದ ಸಾವಿರ ಜನರೆದುರು 'ಇವನಿಗೆ ಬುದ್ಧಿ ಇಲ್ಲ' ಎಂದು ಒಬ್ಬ ಹಿರಿಯರು ಹೇಳಿದಾಗ ನಾನು ಅಲ್ಲಿದ್ದೆ. ಹುಡುಗ ತಲೆ ತಗ್ಗಿಸಿದ. ನಾನೂ ತಗ್ಗಿಸಿದೆ, ಏನೂ ಮಾಡಲಿಲ್ಲ. ಅದು ಇಂದಿಗೂ ಕೊರೆಯುತ್ತದೆ. ಈಗ ಮಾಡುವುದು ಹೀಗೆ. ಕಾರ್ಯಕ್ರಮಕ್ಕೆ ಮೊದಲು ಕಲಾವಿದರನ್ನು ಮೈಕ್‌ನವರ ಬಳಿಗೆ ಕರೆದುಕೊಂಡು ಹೋಗಿ ಹೆಸರು ಹೇಳಿ ಪರಿಚಯಿಸುತ್ತೇವೆ, ತಂಬೂರಿಗೆ ಎಷ್ಟು ದನಿ ಬೇಕು, ತಬಲಾಕ್ಕೆ ಎಷ್ಟು ಎಂದು ಇಬ್ಬರೂ ಕುಳಿತು ಸರಿಮಾಡಿಕೊಳ್ಳುತ್ತಾರೆ. ಹೆಸರು ಗೊತ್ತಾದವರನ್ನು ವೇದಿಕೆಯಿಂದ ಬೈಯುವುದು ಸುಲಭವಲ್ಲ. ಆದರೂ ಬೈದರೆ, ಮಧ್ಯಂತರದಲ್ಲಿ ಸಂಘಟಕರ ಪೈಕಿ ಹಿರಿಯರು ಹೋಗಿ ಕಲಾವಿದರಿಗೆ ಹೇಳಲೇಬೇಕು. ಒಮ್ಮೆ ಹಾಗೆ ಹೇಳಿಸಿದಾಗ ಆ ಕಲಾವಿದೆ ಎರಡನೇ ಭಾಗ ಶುರುಮಾಡುವ ಮೊದಲು ಅದೇ ಮೈಕಿನಲ್ಲಿ ಕ್ಷಮೆ ಕೇಳಿದರು.

ಗದಗಿನ ಪುಣ್ಯಾಶ್ರಮದಿಂದ ಅಂಧ ಕಲಾವಿದರು ಬರುತ್ತಾರೆ. ಕೈಹಿಡಿದು ಕರೆದುಕೊಂಡು ಹೋಗಬೇಕೇ?

ಅವರ ಕೈಯನ್ನು ನೀವು ಹಿಡಿಯಬೇಡಿ, ನಿಮ್ಮ ಮೊಣಕೈಯನ್ನು ಅವರು ಹಿಡಿಯಲಿ. ಮೊದಲು ನಿಮ್ಮ ಹೆಸರು ಹೇಳಿ, 'ನನ್ನ ತೋಳು ಹಿಡಿಯುತ್ತೀರಾ?' ಎಂದು ಕೇಳಿ, ಅರ್ಧ ಹೆಜ್ಜೆ ಮುಂದೆ ನಡೆಯಿರಿ. ಮೆಟ್ಟಿಲು ಬಂದಾಗ ಏರುವುದೋ ಇಳಿಯುವುದೋ, ಎಷ್ಟಿವೆ ಎಂಬುದನ್ನು ಹೇಳಿ. ಕುರ್ಚಿಯ ಬೆನ್ನಿನ ಮೇಲೆ ಅವರ ಕೈ ಇರಿಸಿದರೆ ತಾವೇ ಕುಳಿತುಕೊಳ್ಳುತ್ತಾರೆ. ಬಿಟ್ಟುಹೋಗುವಾಗ 'ಹೋಗುತ್ತಿದ್ದೇನೆ' ಎಂದು ಹೇಳಿ ಹೋಗಿ. ಇಲ್ಲವಾದರೆ ಖಾಲಿ ಜಾಗದ ಜೊತೆ ಮಾತನಾಡುವಂತಾಗುತ್ತದೆ. ಊಟ ಆಯಿತೇ ಎಂಬುದನ್ನು ಅವರನ್ನೇ ಕೇಳಿ, ಜೊತೆಗೆ ಬಂದವರನ್ನಲ್ಲ. ಪಂಚಾಕ್ಷರಿ ಗವಾಯಿಗಳು, ಪುಟ್ಟರಾಜ ಗವಾಯಿಗಳು ಕಟ್ಟಿ ಬೆಳೆಸಿದ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಲಿತವರು ಕಲಾವಿದರಾಗಿ ಬಂದಿರುತ್ತಾರೆ. ಕನಿಕರದ ಮಾತುಗಳನ್ನು ಆಡಬೇಡಿ.

ಕಾರ್ಯಕ್ರಮದ ನಡುವೆ ಶೌಚಾಲಯ ಕಟ್ಟಿಕೊಂಡರೆ ಕೆಲಸದವರಿಗೆ ಕೂಡಲೇ ಇಳಿದು ತೆಗೆಯಲು ಹೇಳಬಹುದೇ?

ಹೇಳಲೇಬಾರದು. ಒಳಚರಂಡಿ, ಮಲಗುಂಡಿಗಳನ್ನು ರಕ್ಷಣಾ ಸಾಧನಗಳಿಲ್ಲದೆ ಮನುಷ್ಯರಿಂದ ಶುಚಿಗೊಳಿಸುವುದನ್ನು 2013ರ ಕಾಯ್ದೆ ನಿಷೇಧಿಸಿದೆ. ಮೊದಲ ಸಲದ ತಪ್ಪಿಗೇ ಎರಡು ವರ್ಷದವರೆಗೆ ಸೆರೆ, ಎರಡು ಲಕ್ಷ ರೂಪಾಯಿವರೆಗೆ ದಂಡ ಬೀಳಬಹುದು. ಗುಂಡಿಯೊಳಗಿನ ವಿಷಗಾಳಿಗೆ ಒಂದೆರಡು ಉಸಿರಿನಲ್ಲಿ ಪ್ರಾಣ ಹೋಗುತ್ತದೆ, ರಕ್ಷಿಸಲು ಇಳಿದವರೂ ಉಳಿಯುವುದಿಲ್ಲ. 'ಅತಿಥಿಗಳು ಬಂದಿದ್ದಾರೆ, ಐದು ನಿಮಿಷದ ಕೆಲಸ' ಎಂದು ಯಾರೇ ಹೇಳಿದರೂ ಅಡ್ಡ ನಿಲ್ಲಿ. ಆ ಶೌಚಾಲಯಕ್ಕೆ ಬೀಗ ಹಾಕಿ, ಇನ್ನೊಂದರ ದಾರಿ ತೋರಿಸುವ ಚೀಟಿ ಅಂಟಿಸಿ, ಮಹಾನಗರ ಪಾಲಿಕೆಗೆ ಫೋನ್ ಮಾಡಿ ಯಂತ್ರ ಕರೆಸಿ. ಕಾರ್ಯಕ್ರಮ ಅರ್ಧಕ್ಕೆ ನಿಲ್ಲಿಸಬೇಕಾಗಿ ಬಂದರೂ ನಿಲ್ಲಲಿ.

ವಂದನಾರ್ಪಣೆಯಲ್ಲಿ ಕೆಲಸದವರ ಹೆಸರು ಹೇಳಿದರೆ ಚೆನ್ನಾಗಿರುತ್ತದೆಯೇ?

ಚೆನ್ನಾಗಿರುತ್ತದೆ, ಆದರೆ ಈಗ ಹೇಳುವ ಹಾಗಲ್ಲ. 'ಪ್ರತ್ಯಕ್ಷವಾಗಿ, ಪರೋಕ್ಷವಾಗಿ ಸಹಕರಿಸಿದ ಎಲ್ಲರಿಗೂ' ಎಂಬಲ್ಲಿ ಅವರನ್ನು ಮುಗಿಸಿಬಿಡುತ್ತಾರೆ. ಅಷ್ಟರಲ್ಲಿ ಜನ ಎದ್ದು ಚಪ್ಪಲಿ ಹುಡುಕುತ್ತಿರುತ್ತಾರೆ. ಹೆಸರು ಹೇಳುವುದಾದರೆ ಮಧ್ಯಂತರ ಮುಗಿದು ಎಲ್ಲರೂ ಬಂದು ಕುಳಿತಾಗ ಹೇಳಿ, ಪೂರ್ತಿ ಹೆಸರು, ಮಾಡಿದ ಕೆಲಸ ಎರಡನ್ನೂ ಹೇಳಿ. ವೇದಿಕೆಗೆ ಕರೆದು ಶಾಲು ಹೊದಿಸುವುದನ್ನು ಅವರನ್ನು ಕೇಳದೆ ಮಾಡಬೇಡಿ. ಕೆಲವರಿಗೆ ಅದು ಸಂತೋಷ, ಕೆಲವರಿಗೆ ಮುಜುಗರ. ಸಂಜೆಯೇ ಒಬ್ಬೊಬ್ಬರನ್ನೂ ಕೇಳಿಕೊಳ್ಳಿ. ನಮ್ಮ ಒಬ್ಬ ಕಾವಲುಗಾರರು ಶಾಲೂ ಬೇಡ, ಹೆಸರೂ ಬೇಡ ಎಂದರು. ಮಗಳು ಸಿತಾರ್ ಕಲಿಯುತ್ತಿದ್ದಾಳೆ, ಮುಂದಿನ ಶನಿವಾರದ ಕಛೇರಿಗೆ ಅವಳಿಗೊಂದು ಪಾಸ್ ಸಿಗಬಹುದೇ ಎಂದು ಕೇಳಿದರು. ಮೂರನೇ ಸಾಲಿನಲ್ಲಿ ಎರಡು ಪಾಸ್ ಕೊಟ್ಟೆವು. ಆ ಶನಿವಾರ ಬಾಗಿಲಲ್ಲಿ ನಾನು ನಿಂತಿದ್ದೆ. ಅವರು ಮಗಳ ಪಕ್ಕದಲ್ಲಿ ಕುಳಿತು ಕೊನೆಯವರೆಗೂ ಕೇಳಿದರು.